ಮೊದಲ ಮನೆ ಖರೀದಿ, ಮಗುವಿನ ಶಾಲೆ ಬದಲಾವಣೆ: ಕರ್ನಾಟಕದ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ನೋಡಿಟ್ಟಾಗಿದೆ, ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ, ಮಗುವಿನ ಶಾಲೆ ಮಾತ್ರ ಊರಿನ ಇನ್ನೊಂದು ತುದಿಯಲ್ಲಿದೆ. ಈ ಘಟ್ಟದಲ್ಲಿರುವ ತಂದೆತಾಯಿಗಳಿಗಾಗಿ ಈ ಪುಟ. ಶಾಲೆಯ ದಿನಾಂಕಗಳು ಯಾರಿಗೂ ಕಾಯುವುದಿಲ್ಲ, ಮನೆಯ ದಿನಾಂಕಗಳು ಮುಂದಕ್ಕೆ ಹೋಗುತ್ತಲೇ ಇರುತ್ತವೆ. ಹಾಗಾಗಿ ಶಾಲೆಯನ್ನು ಮೊದಲು ಗಟ್ಟಿ ಮಾಡಿಕೊಂಡು ಮನೆಯನ್ನು ಅದಕ್ಕೆ ಹೊಂದಿಸಬೇಕು ಎಂಬುದೇ ಇಲ್ಲಿನ ಎಲ್ಲ ಉತ್ತರಗಳ ತಳಹದಿ.

ಮೊದಲು ಮನೆ ಗೊತ್ತು ಮಾಡಬೇಕೋ, ಶಾಲೆಯೋ?

ಬಡಾವಣೆ ಮೊದಲು, ಶಾಲೆ ಆಮೇಲೆ, ಟೋಕನ್ ಅಡ್ವಾನ್ಸ್ ಕೊನೆಗೆ. ಅಂದರೆ ಯಾವ ಭಾಗದಲ್ಲಿ ಮನೆ ಕೊಳ್ಳುತ್ತೀರಿ ಎಂದು ತೀರ್ಮಾನವಾದ ಕೂಡಲೇ, ಮನೆಯ ಮಾಲೀಕರ ಕೈಗೆ ಹಣ ಕೊಡುವ ಮುನ್ನವೇ, ಆ ಭಾಗದ ಎರಡು ಮೂರು ಶಾಲೆಗಳಿಗೆ ಹೋಗಿ ನಿಮ್ಮ ಮಗುವಿನ ತರಗತಿಯಲ್ಲಿ ಸೀಟಿದೆಯೇ ಎಂದು ವಿಚಾರಿಸಿ. ಎಲ್‌ಕೆಜಿ, ಒಂದನೇ ತರಗತಿಗೆ ಹೊಸ ಸೀಟುಗಳಿರುತ್ತವೆ. ಮೂರನೆಯದಕ್ಕೋ ಆರನೆಯದಕ್ಕೋ ಯಾರಾದರೂ ಬಿಟ್ಟುಹೋದರೆ ಮಾತ್ರ ಸೀಟು. ಇದು ತಿಳಿಯದೆ ಮನೆ ಕೊಂಡವರು ಕೊನೆಗೆ ಸಿಕ್ಕಿದ ಶಾಲೆಗೆ ಸೇರಿಸಬೇಕಾಗುತ್ತದೆ.

ಕಾಲದ ಲೆಕ್ಕವನ್ನು ಹಿಂದಿನಿಂದ ಹಾಕಿ. ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ ಶುರುವಾಗಿ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮುಗಿಯುತ್ತವೆ. ಸಿಬಿಎಸ್‌ಇ ಶಾಲೆಗಳಲ್ಲಿ ಹಲವು ಏಪ್ರಿಲ್‌ನಲ್ಲೇ ತರಗತಿ ಆರಂಭಿಸುತ್ತವೆ. ಖಾಸಗಿ ಶಾಲೆಗಳ ಪ್ರವೇಶ ವಿಚಾರಣೆ ಹಿಂದಿನ ವರ್ಷದ ನವೆಂಬರ್ ಹೊತ್ತಿಗೇ ಶುರು. ಕಟ್ಟಿ ಮುಗಿದ ಮನೆಯೇ ಆದರೂ ಕರಾರು ಪತ್ರದಿಂದ ನೋಂದಣಿಯವರೆಗೆ, ಬ್ಯಾಂಕಿನ ಲೀಗಲ್ ಮತ್ತು ಟೆಕ್ನಿಕಲ್ ಪರಿಶೀಲನೆ ಸೇರಿ, ಎರಡು ಮೂರು ತಿಂಗಳು ಹಿಡಿಯುವುದು ಮಾಮೂಲು. ಜೂನ್‌ಗೆ ಹೊಸ ಶಾಲೆ ಬೇಕೆಂದರೆ ಫೆಬ್ರುವರಿಯೊಳಗೆ ಮನೆಯ ಕರಾರು ಆಗಿರಬೇಕು.

ಬಿಲ್ಡರ್ ಮಾರ್ಚ್‌ಗೆ ಕೀಲಿ ಕೊಡುತ್ತೇವೆ ಎಂದಿದ್ದಾರೆ. ಅದನ್ನು ನಂಬಿ ಶಾಲೆ ಬದಲಿಸಬಹುದೇ?

ಬಾಯಿಮಾತಿನ ದಿನಾಂಕ ನಂಬಬೇಡಿ. ವಸತಿ ಯೋಜನೆಗಳ ಮೇಲೆ ನಿಗಾ ಇಡುವ ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿದರೆ ಪೂರ್ಣಗೊಳಿಸಬೇಕಾದ ದಿನಾಂಕ, ಅವಧಿ ವಿಸ್ತರಣೆ ಪಡೆದಿದ್ದಾರೆಯೇ ಎಂಬುದು ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಓಸಿ, ಅಂದರೆ ಕಟ್ಟಡದಲ್ಲಿ ವಾಸಿಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಳಿಕ ಓಸಿ ಇಲ್ಲದ ಕಟ್ಟಡಗಳಿಗೆ ಕಾಯಂ ವಿದ್ಯುತ್, ನೀರಿನ ಸಂಪರ್ಕ ಸಿಗುವುದು ಕಷ್ಟವಾಗಿದೆ. ಬಣ್ಣ ಬಳಿದು, ಲಿಫ್ಟ್ ಹಾಕಿ, ಕೀಲಿ ಕೊಟ್ಟರೂ ಮೀಟರ್ ಇಲ್ಲದ ಮನೆಯಲ್ಲಿ ಮಗುವನ್ನಿಟ್ಟುಕೊಂಡು ಸಂಸಾರ ನಡೆಸಲಾಗದು.

ಓಸಿ ಕೈಗೆ ಬಂದಿಲ್ಲವೆಂದರೆ ಆ ಶೈಕ್ಷಣಿಕ ವರ್ಷಕ್ಕೆ ಆ ಮನೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಡವಾದರೆ ರೇರಾ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಯೋಜನೆಯಲ್ಲೇ ಉಳಿಯುವ ಖರೀದಿದಾರರಿಗೆ ಪ್ರತಿ ತಿಂಗಳ ವಿಳಂಬಕ್ಕೂ ಬಡ್ಡಿ ಸಲ್ಲಬೇಕು. ಹೊರಬರುವವರಿಗೆ ಬಡ್ಡಿಸಮೇತ ಹಣ ವಾಪಸ್. ಆದರೆ ಆ ಬಡ್ಡಿ ಮಗುವಿನ ಹೋದ ವರ್ಷವನ್ನು ತಂದುಕೊಡುವುದಿಲ್ಲ. ಇನ್ನೊಂದು ಮಾತು: ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ 10%ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ಪಡೆಯುವಂತಿಲ್ಲ. ಇದು 13ನೇ ಸೆಕ್ಷನ್.

ಟಿಸಿ (ವರ್ಗಾವಣೆ ಪತ್ರ) ಯಾವಾಗ ತೆಗೆದುಕೊಳ್ಳಬೇಕು?

ಹೊಸ ಶಾಲೆಯಲ್ಲಿ ಸೀಟು ಲಿಖಿತವಾಗಿ ಖಚಿತವಾದ ಮೇಲೆ. ಅದಕ್ಕಿಂತ ಒಂದು ದಿನವೂ ಮೊದಲು ಬೇಡ. ಹಳೆ ಶಾಲೆಯಿಂದ ಟಿಸಿ ಪಡೆದ ಕ್ಷಣಕ್ಕೆ ಅಲ್ಲಿನ ಸೀಟು ಖಾಲಿ. ಆಮೇಲೆ ಸಾಲ ನಿಂತುಹೋದರೆ, ಮಾಲೀಕರು ಮಾತು ಬದಲಿಸಿದರೆ, ಮನೆಯ ಖಾತಾದಲ್ಲಿ ತಕರಾರು ಬಂದರೆ ಮರಳಿ ಸೇರಿಸಲು ಹೊಸ ಪ್ರವೇಶ ಶುಲ್ಕ ಕೇಳಬಹುದು, ಸೀಟೇ ಇರಲಿಕ್ಕಿಲ್ಲ.

ಸೀಟು ಖಚಿತವಾಯಿತು ಎನ್ನಲು ಫೋನಿನಲ್ಲಿ ‘ಬನ್ನಿ, ನೋಡೋಣ’ ಎಂದದ್ದು ಸಾಲದು. ತರಗತಿ, ಮಾಧ್ಯಮ, ಶೈಕ್ಷಣಿಕ ವರ್ಷ ನಮೂದಿಸಿದ ಪ್ರವೇಶ ಪತ್ರವೋ ಶುಲ್ಕದ ರಸೀದಿಯೋ ಬೇಕು. ಬಳಿಕ ಹಳೆ ಶಾಲೆಯ ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ಖಾಸಗಿ ಶಾಲೆಯಾದರೆ ಮುಂದಿನ ವರ್ಷದ ಶುಲ್ಕದ ಬೇಡಿಕೆ ಬರುವ ಮುನ್ನವೇ ಬಿಡುವ ವಿಚಾರ ತಿಳಿಸಬೇಕು. ತಡ ಮಾಡಿದರೆ ಮೊದಲ ಕಂತು ಕಟ್ಟಿ ಎನ್ನುತ್ತಾರೆ.

ಟಿಸಿ ಕೈಗೆ ಬಂದಾಗ ಅಲ್ಲೇ ಕೌಂಟರ್ ಮುಂದೆ ನಿಂತು ಸಾಲು ಸಾಲಾಗಿ ಓದಿ. ಹೆಸರಿನ ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಇದೆಯೋ. ಹುಟ್ಟಿದ ದಿನ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯೋ. ತಾಯಿಯ ಹೆಸರಿನ ಕಾಗುಣಿತ, ಜಾತಿ, ಮಾತೃಭಾಷೆ, ಓದಿದ ಭಾಷೆಗಳು, ಕೊನೆಯದಾಗಿ ಓದಿದ ತರಗತಿ, ತೇರ್ಗಡೆಯಾದ ಬಗ್ಗೆ ಸ್ಪಷ್ಟ ನಮೂದು. ಇಲ್ಲಿ ಉಳಿದ ಒಂದು ತಪ್ಪಕ್ಷರ ಹೊಸ ಶಾಲೆಯ ದಾಖಲಾತಿ ಪುಸ್ತಕಕ್ಕೆ ಹೋಗಿ, ಅಲ್ಲಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಹೋಗುತ್ತದೆ. ಆ ಹಂತದಲ್ಲಿ ತಿದ್ದಿಸುವುದು ತಿಂಗಳುಗಟ್ಟಲೆಯ ಕೆಲಸ. ಈಗ ತಿದ್ದಿಸುವುದು ಅರ್ಧ ಗಂಟೆಯದು. ಕೊನೆಗೆ ನಾಲ್ಕು ಜೆರಾಕ್ಸ್ ಮತ್ತು ಒಂದು ಸ್ಕ್ಯಾನ್ ಪ್ರತಿ ಇಟ್ಟುಕೊಳ್ಳಿ. ಮೂಲ ಟಿಸಿ ಹೊಸ ಶಾಲೆಯಲ್ಲೇ ಉಳಿಯುತ್ತದೆ.

ಟಿಸಿ ಸಿಕ್ಕಿದೆ, ಆದರೆ ‘ಸ್ಯಾಟ್ಸ್‌ನಲ್ಲಿ ಮಗು ಇನ್ನೂ ಹಳೆ ಶಾಲೆಯಲ್ಲೇ ಇದೆ’ ಎನ್ನುತ್ತಿದ್ದಾರೆ. ಏನಿದು?

ಸ್ಯಾಟ್ಸ್ ಎಂದರೆ ರಾಜ್ಯ ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಶಾಲೆ ಬದಲಾದರೂ ಸಂಖ್ಯೆ ಬದಲಾಗದು. ಹಳೆ ಶಾಲೆ ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡಬೇಕು, ಹೊಸ ಶಾಲೆ ಸೇರಿಸಿಕೊಳ್ಳಬೇಕು. ಕಾಗದದ ಟಿಸಿ ಬರೆದುಕೊಟ್ಟು ಆನ್‌ಲೈನ್ ಕೆಲಸ ಬಾಕಿ ಬಿಟ್ಟಿದ್ದರೆ ಈ ತೊಡಕು ಬರುತ್ತದೆ. ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆಯಲ್ಲೂ ಹೀಗೆಯೇ: ಅಲ್ಲಿ ಮಗುವಿಗೆ 11 ಅಂಕಿಗಳ ಪೆನ್ ಸಂಖ್ಯೆ ಇರುತ್ತದೆ, ಹಳೆ ಶಾಲೆ ‘ಡ್ರಾಪ್‌ಬಾಕ್ಸ್’ಗೆ ಹಾಕಿದ ಮೇಲೆ ಹೊಸ ಶಾಲೆ ಆ ಸಂಖ್ಯೆ ಮತ್ತು ಜನ್ಮದಿನಾಂಕ ಹಾಕಿ ಎಳೆದುಕೊಳ್ಳುತ್ತದೆ.

ಇದು ಶಾಲೆಯವರ ಕೆಲಸ ಎಂದು ಸುಮ್ಮನಿರಬೇಡಿ. ಸ್ಯಾಟ್ಸ್‌ನಲ್ಲಿ ಮಗು ತಪ್ಪು ಶಾಲೆಯಲ್ಲಿದ್ದರೆ ವಿದ್ಯಾರ್ಥಿ ಬಸ್ ಪಾಸ್, ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನ, ಮುಂದೆ ಎಸ್‌ಎಸ್‌ಎಲ್‌ಸಿ ನೋಂದಣಿ ಎಲ್ಲವೂ ತಡೆಯುತ್ತವೆ. ಹಳೆ ಶಾಲೆಯಿಂದ ಹೊರಡುವ ದಿನವೇ ಸ್ಯಾಟ್ಸ್ ಮತ್ತು ಪೆನ್ ಎರಡೂ ಸಂಖ್ಯೆಗಳನ್ನು ಬರೆಸಿಕೊಳ್ಳಿ, ಕಂಪ್ಯೂಟರ್ ನೋಡಿಕೊಳ್ಳುವವರ ಬಳಿ ಎರಡೂ ಕಡೆ ಬಿಡುಗಡೆ ಆಗಿದೆಯೇ ಎಂದು ಪರದೆಯಲ್ಲೇ ತೋರಿಸಲು ಕೇಳಿ. ಸೇರಿದ ಎರಡು ವಾರಗಳ ನಂತರ ಹೊಸ ಶಾಲೆಯಲ್ಲೂ ಇದನ್ನೇ ಕೇಳಿ. ಹಳೆ ಶಾಲೆ ಸ್ಪಂದಿಸದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಟಿಸಿಯ ಪ್ರತಿಯೊಂದಿಗೆ ಅರ್ಜಿ ಕೊಡಿ.

ಹಳೆ ಶಾಲೆ ಟಿಸಿ ಕೊಡಲು ಸತಾಯಿಸುತ್ತಿದೆ. ಅಷ್ಟರಲ್ಲಿ ಮಗುವಿನ ಪಾಠ ಹೋಗುತ್ತಿದೆ.

ಒಂದರಿಂದ ಎಂಟನೇ ತರಗತಿವರೆಗಿನ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆ, 2009ರ 5ನೇ ಸೆಕ್ಷನ್ ರಕ್ಷಣೆ ಇದೆ. ಮುಖ್ಯ ಶಿಕ್ಷಕರು ಟಿಸಿಯನ್ನು ತಕ್ಷಣ ಕೊಡಬೇಕು, ತಡ ಮಾಡಿದರೆ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಟಿಸಿ ಬರುವುದು ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇಲ್ಲೊಂದು ಮಿತಿಯನ್ನು ಗಮನಿಸಿ: ಈ ವರ್ಗಾವಣೆಯ ಹಕ್ಕು ಇರುವುದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೇರುವಾಗ. ಅನುದಾನರಹಿತ ಖಾಸಗಿ ಶಾಲೆಯ ಸೀಟನ್ನು ಈ ಸೆಕ್ಷನ್ ಹಿಡಿದು ಕೇಳಲಾಗದು.

ಶುಲ್ಕ ಬಾಕಿಯೇ ತಕರಾರಾದರೆ ಬಾಕಿಯ ವಿವರವನ್ನು ಲಿಖಿತವಾಗಿ ಕೇಳಿ, ಒಪ್ಪುವ ಮೊತ್ತವನ್ನು ರಸೀದಿ ಪಡೆದು ಕಟ್ಟಿ, ಒಪ್ಪದಿರುವುದನ್ನು ಬರೆದುಕೊಟ್ಟು ಬಿಇಒಗೆ ದೂರು ಕೊಡಿ. ಕೌಂಟರ್ ಮುಂದಿನ ಜಗಳಕ್ಕಿಂತ ಸೀಲು ಬಿದ್ದ ಒಂದು ಅರ್ಜಿ ಬೇಗ ಕೆಲಸ ಮಾಡುತ್ತದೆ.

ಪ್ರವೇಶಕ್ಕೆ ಏನೇನು ದಾಖಲೆ ಜೋಡಿಸಿಟ್ಟುಕೊಳ್ಳಬೇಕು?

ಮೂಲ ಟಿಸಿ, ಕಳೆದ ವರ್ಷದ ಅಂಕಪಟ್ಟಿ, ಜನನ ಪ್ರಮಾಣಪತ್ರ, ಮಗುವಿನ ಮತ್ತು ತಂದೆತಾಯಿಯ ಆಧಾರ್, ಆರ್‌ಡಿ ಸಂಖ್ಯೆ ಇರುವ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸ್ಯಾಟ್ಸ್ ಮತ್ತು ಪೆನ್ ಸಂಖ್ಯೆ, ಲಸಿಕೆ ಕಾರ್ಡ್, ಪಾಸ್‌ಪೋರ್ಟ್ ಅಳತೆಯ ಆರೇಳು ಫೋಟೊ. ವಿದ್ಯಾರ್ಥಿವೇತನ ಬರುತ್ತಿದ್ದರೆ ಆಧಾರ್ ಜೋಡಣೆಯಾದ ಬ್ಯಾಂಕ್ ಪಾಸ್‌ಬುಕ್.

ಮನೆ ಖರೀದಿಯ ಕಾಗದಪತ್ರಗಳ ಕಡತಕ್ಕೆ ಇವನ್ನು ಸೇರಿಸಬೇಡಿ. ಬ್ಯಾಂಕಿಗೋ ವಕೀಲರಿಗೋ ಫೈಲು ಕೊಟ್ಟಾಗ ಮಗುವಿನ ಮೂಲ ಪ್ರಮಾಣಪತ್ರವೂ ಅದರೊಳಗೆ ಹೋಗಿ, ಬೇಕಾದ ದಿನ ಕೈಗೆ ಸಿಗದ ಪ್ರಸಂಗಗಳು ಬಹಳ. ಸಾಮಾನು ಕಟ್ಟುವಾಗಲೂ ಶಾಲೆಯ ಫೈಲು ಕೈಚೀಲದಲ್ಲಿರಲಿ, ಪ್ಯಾಕರ್ಸ್ ಲಾರಿಯಲ್ಲಿ ಬೇಡ.

ಮಗುವಿಗೆ 5 ಮತ್ತು 15 ವರ್ಷ ತುಂಬಿದಾಗ ಆಧಾರ್ ಬಯೊಮೆಟ್ರಿಕ್ ನವೀಕರಣ ಕಡ್ಡಾಯ. ಅದು ಬಾಕಿ ಇದ್ದರೆ ಈಗಲೇ ಮುಗಿಸಿ.

ಹೊಸ ಮನೆ ಇನ್ನೂ ನಮ್ಮ ಹೆಸರಿಗೆ ಆಗಿಲ್ಲ. ವಿಳಾಸಕ್ಕೆ ಏನು ತೋರಿಸುವುದು?

ಹಳೆ ವಿಳಾಸದಲ್ಲೇ ಪ್ರವೇಶ ಮಾಡಿಸಿ, ನೋಂದಣಿ ಆದ ಮೇಲೆ ಬದಲಿಸಿಕೊಳ್ಳಿ. ಹೆಚ್ಚಿನ ಶಾಲೆಗಳಿಗೆ ಪ್ರವೇಶದ ಹಂತದಲ್ಲಿ ವಿಳಾಸ ಬೇಕಾಗುವುದು ಸಂಪರ್ಕಕ್ಕೆ ಮತ್ತು ಬಸ್ ಮಾರ್ಗಕ್ಕೆ. ಕರಾರು ಪತ್ರದ ಪ್ರತಿ ತೋರಿಸಿ, ಇಂಥ ತಿಂಗಳಲ್ಲಿ ಇಲ್ಲಿಗೆ ಬರುತ್ತೇವೆ ಎಂದು ಪತ್ರ ಬರೆದುಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಸುಳ್ಳು ಬಾಡಿಗೆ ಕರಾರು ಮಾಡಿಸುವ ದಾರಿಗೆ ಮಾತ್ರ ಹೋಗಬೇಡಿ. ನಾಳೆ ಅದೇ ಕಾಗದ ಸಾಲದ ಫೈಲಿನ ವಿಳಾಸಕ್ಕೆ ತಾಳೆಯಾಗದೆ ಎರಡೂ ಕಡೆ ಉತ್ತರ ಕೊಡಬೇಕಾಗುತ್ತದೆ.

ನೋಂದಣಿ ಯಾವಾಗ ಆಗಬಹುದು ಎಂಬ ಅಂದಾಜಿಗೆ ಮೊದಲು ಇ-ಖಾತಾ, ಅಂದರೆ ಸ್ವತ್ತು ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸ್ಥಳೀಯ ಸಂಸ್ಥೆಯ ಆನ್‌ಲೈನ್ ದಾಖಲೆ ನೋಡಿ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಸ್ವತ್ತುಗಳ ನೋಂದಣಿಗೆ ಇ-ಖಾತಾ ಕಡ್ಡಾಯ. ಮಾರುವವರ ಬಳಿ ಅದು ಇಲ್ಲದಿದ್ದರೆ, ಇದ್ದರೂ ಅಳತೆ ಅಥವಾ ಹೆಸರಿನಲ್ಲಿ ವ್ಯತ್ಯಾಸವಿದ್ದರೆ ವಾರಗಳು ಉರುಳುತ್ತವೆ. ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ನೀವೇ ತೆಗೆಯಬಹುದು. ಮಾರುವವರ ಹಳೆ ಸಾಲದ ಅಡಮಾನ ಅದರಲ್ಲಿ ಇನ್ನೂ ಕಾಣುತ್ತಿದ್ದರೆ ಅದು ತೀರಿ ಬಿಡುಗಡೆ ಪತ್ರ ನೋಂದಣಿಯಾಗುವವರೆಗೆ ನಿಮ್ಮ ಬ್ಯಾಂಕು ಮುಂದುವರಿಯಲು ಹಿಂಜರಿಯುತ್ತದೆ. ಟೋಕನ್ ಕೊಡುವ ಮೊದಲೇ ಇವೆರಡನ್ನೂ ನೋಡಿದರೆ ಶಾಲೆಯ ದಿನಾಂಕಕ್ಕೆ ಮನೆ ಸಿಗುತ್ತದೋ ಇಲ್ಲವೋ ಗೊತ್ತಾಗುತ್ತದೆ.

ವರ್ಷದ ಮಧ್ಯೆ ಬದಲಿಸಬಹುದೇ?

ಎಂಟನೇ ತರಗತಿವರೆಗೆ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಸಾಧ್ಯ. ವರ್ಷ ಶುರುವಾಗಿದೆ ಎಂಬ ಕಾರಣಕ್ಕೆ ಮಗುವನ್ನು ತಿರುಗಿಸಿ ಕಳಿಸುವಂತಿಲ್ಲ. ಖಾಸಗಿಯಲ್ಲಿ ಸೀಟು ಇದ್ದರೆ ಆಗುತ್ತದೆ, ಆದರೆ ಪೂರ್ತಿ ವರ್ಷದ ಶುಲ್ಕ ಕೇಳುವ ಶಾಲೆಗಳಿವೆ. ತಿಂಗಳ ಲೆಕ್ಕಕ್ಕೆ ಇಳಿಸಲು ಲಿಖಿತವಾಗಿ ಕೋರಿ. ಬದಲಿಸಲೇಬೇಕಾದರೆ ದಸರಾ ರಜೆಯಲ್ಲಿ ಬದಲಿಸಿ. ಮೊದಲ ಅವಧಿಯ ಪರೀಕ್ಷೆ ಮುಗಿದಿರುತ್ತದೆ, ಅಂಕಗಳು ದಾಖಲಾಗಿರುತ್ತವೆ, ಎರಡನೇ ಅವಧಿಯ ಪಾಠ ಎಲ್ಲ ಮಕ್ಕಳಿಗೂ ಹೊಸದು. ಹೊಸ ಮಗುವಿಗೆ ಅಂದು ತರಗತಿಗೆ ಕಾಲಿಡುವುದು ಸುಲಭ. ಜನವರಿಯ ನಂತರ ಬೇಡವೇ ಬೇಡ.

ಮಗು ಒಂಬತ್ತು ಅಥವಾ ಹತ್ತನೇ ತರಗತಿಯಲ್ಲಿದೆ.

ಹತ್ತನೇ ತರಗತಿಯಲ್ಲಿದ್ದರೆ ಮನೆ ಕೊಂಡರೂ ಶಾಲೆ ಬದಲಿಸಬೇಡಿ. ಒಂದು ವರ್ಷ ಬಾಡಿಗೆ ಮನೆಯಲ್ಲೇ ಇದ್ದು ಹೊಸ ಮನೆಯನ್ನು ಬಾಡಿಗೆಗೆ ಕೊಟ್ಟರೂ ಚಿಂತೆಯಿಲ್ಲ. ಪರೀಕ್ಷಾ ನೋಂದಣಿ, ಆಂತರಿಕ ಅಂಕ, ಭಾಷಾ ವಿಷಯ ಎಲ್ಲವೂ ಆ ಶಾಲೆಯ ಹೆಸರಿನಲ್ಲಿ ಕಟ್ಟಿಕೊಂಡಿರುತ್ತವೆ. ಸಿಬಿಎಸ್‌ಇಯಲ್ಲಿ ಒಂಬತ್ತನೆಯದಕ್ಕೇ ಮಂಡಳಿಯ ನೋಂದಣಿ ಆಗುತ್ತದೆ. ಹತ್ತಕ್ಕೆ ನೇರ ಪ್ರವೇಶಕ್ಕೆ ಮಂಡಳಿಯ ಅನುಮತಿ ಬೇಕು. ಒಂಬತ್ತು ಮತ್ತು ಅದರ ಮೇಲಿನ ತರಗತಿಗಳಿಗೆ ಆಗಸ್ಟ್ 31ರ ನಂತರ ವಿಶೇಷ ಅನುಮತಿ ಇಲ್ಲದೆ ಪ್ರವೇಶವಿಲ್ಲ. ಎಂಟು ಮುಗಿಸಿ ಒಂಬತ್ತಕ್ಕೆ ಹೋಗುವ ಬೇಸಿಗೆಯೇ ಪ್ರೌಢಶಾಲೆಯ ಮಕ್ಕಳನ್ನು ಬದಲಿಸಲು ಕೊನೆಯ ಒಳ್ಳೆಯ ಸಮಯ.

ರಾಜ್ಯ ಪಠ್ಯಕ್ರಮದಿಂದ ಸಿಬಿಎಸ್‌ಇಗೆ ಬದಲಿಸುತ್ತಿದ್ದೇವೆ. ಏನು ನೋಡಬೇಕು?

ಗಣಿತ, ವಿಜ್ಞಾನದ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಎಡವುವುದು ಭಾಷೆಯಲ್ಲಿ. ಇಷ್ಟು ವರ್ಷ ಕನ್ನಡ ಪ್ರಥಮ ಭಾಷೆ, ಹಿಂದಿ ತೃತೀಯ ಭಾಷೆಯಾಗಿ ಓದಿದ ಮಗುವಿಗೆ ಹೊಸ ಶಾಲೆ ಹಿಂದಿಯನ್ನು ದ್ವಿತೀಯ ಭಾಷೆಯಾಗಿ ಕೊಟ್ಟರೆ ಏಳನೇ ತರಗತಿಯಲ್ಲಿ ಒಮ್ಮೆಲೇ ಎರಡು ಮೂರು ವರ್ಷದ ಪಾಠ ಹಿಂದೆ ಬಿದ್ದಂತೆ. ಕನ್ನಡ ಭಾಷಾ ಕಲಿಕೆ ಕಾಯ್ದೆ, 2015ರ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಆ ತರಗತಿಯ ವೇಳಾಪಟ್ಟಿ ನೋಡಲು ಕೇಳಿ. ಕನ್ನಡಕ್ಕೆ ವಾರಕ್ಕೆ ಎಷ್ಟು ಪೀರಿಯಡ್ ಎಂಬುದು ಅದರಲ್ಲಿ ಕಾಣುತ್ತದೆ.

ಫಲಕದಲ್ಲಿ ಸಿಬಿಎಸ್‌ಇ ಎಂದಿದ್ದರೆ ಸಾಲದು. ಮಾನ್ಯತೆಯ ಸಂಖ್ಯೆ ಯಾವುದು, ಎಷ್ಟನೇ ತರಗತಿವರೆಗೆ, ಯಾವ ವರ್ಷದವರೆಗೆ ಎಂದು ಕೇಳಿ, ಮಂಡಳಿಯ ಜಾಲತಾಣದಲ್ಲಿ ಅದೇ ವಿಳಾಸ ಇದೆಯೇ ಎಂದು ತಾಳೆ ನೋಡಿ. ಒಂದೇ ಸಂಸ್ಥೆಗೆ ಹಲವು ಶಾಖೆಗಳಿದ್ದಾಗ ಒಂದರ ಮಾನ್ಯತೆ ಇನ್ನೊಂದಕ್ಕೆ ಸಲ್ಲದು.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟಿನಲ್ಲಿ ಓದುತ್ತಿರುವ ಮಗುವನ್ನು ಬದಲಿಸಿದರೆ?

ಉಚಿತ ಸೀಟು ಆ ಶಾಲೆಗೆ ಹಂಚಿಕೆಯಾದದ್ದು. ಬೇರೆ ಖಾಸಗಿ ಶಾಲೆಗೆ ಹೋದರೆ ಅದು ತಾನಾಗಿ ಜೊತೆಗೆ ಬರುತ್ತದೆಂದು ಎಣಿಸಬೇಡಿ. ಟಿಸಿಗೆ ಅರ್ಜಿ ಹಾಕುವ ಮುನ್ನ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಎಂಟನೇ ತರಗತಿವರೆಗಿನ ಶುಲ್ಕ ಮನೆ ಸಾಲದ ಕಂತಿನಷ್ಟೇ ಗಂಭೀರವಾದ ಲೆಕ್ಕ.

ಎರಡೂ ಖರ್ಚು ಒಂದೇ ಸಮಯಕ್ಕೆ ಬರುತ್ತವೆ. ಹಣ ಹೇಗೆ ಹೊಂದಿಸುವುದು?

60 ಲಕ್ಷ ರೂಪಾಯಿಯ ಫ್ಲ್ಯಾಟ್ ಉದಾಹರಣೆಗೆ ತೆಗೆದುಕೊಳ್ಳಿ. 30 ಲಕ್ಷ ಮೀರಿ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಸ್ವತ್ತಿನ ಮೌಲ್ಯದ 80%ವರೆಗೆ ಮಾತ್ರ ಸಾಲ. ಅಂದರೆ 48 ಲಕ್ಷ ಸಾಲ, 12 ಲಕ್ಷ ಕೈಯಿಂದ. ನಗರದಲ್ಲಿ 45 ಲಕ್ಷ ಮೀರಿದ ಸ್ವತ್ತಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 0.6%, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 2%. ಒಟ್ಟು 7.6%, ಅಂದರೆ 4,56,000 ರೂಪಾಯಿ. ಇದನ್ನು ಬ್ಯಾಂಕು ಸಾಲದ ಲೆಕ್ಕಕ್ಕೆ ಸೇರಿಸುವುದಿಲ್ಲ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಕಟ್ಟುತ್ತಿರುವ ಫ್ಲ್ಯಾಟಾದರೆ 5% ಜಿಎಸ್‌ಟಿ, ಇನ್ನೂ 3 ಲಕ್ಷ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ 1% ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಅದು ಹೆಚ್ಚುವರಿ ಖರ್ಚಲ್ಲ, ಮಾರುವವರಿಗೆ ಕೊಡುವ ಹಣದಲ್ಲೇ ಕಡಿತ.

48 ಲಕ್ಷಕ್ಕೆ 8.5% ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 41,650 ರೂಪಾಯಿ. ನಿಮ್ಮ ಸಂಬಳ ನೋಡಿ ಸಾಲದ ಅರ್ಹತೆ ಹೇಳುವ ಬ್ಯಾಂಕು ಇತರ ಸಾಲಗಳ ಕಂತನ್ನು ಕಳೆಯುತ್ತದೆಯೇ ಹೊರತು ಶಾಲಾ ಶುಲ್ಕವನ್ನು ಸಾಮಾನ್ಯವಾಗಿ ಕಳೆಯುವುದಿಲ್ಲ. ಅದನ್ನು ನೀವೇ ಕಳೆಯಬೇಕು: ವರ್ಷದ ಶುಲ್ಕ, ವ್ಯಾನು, ಪುಸ್ತಕ, ಸಮವಸ್ತ್ರ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸಿ, ಉಳಿದದ್ದರಲ್ಲಿ ಕಂತು ಕಟ್ಟಬಲ್ಲಿರಾ ನೋಡಿ.

ತೀರಾ ಬಿಗಿಯಾಗುವುದು ಏಪ್ರಿಲ್‌ನಿಂದ ಜುಲೈವರೆಗೆ. ಹೊಸ ಶಾಲೆಯ ಪ್ರವೇಶ ಶುಲ್ಕ, ಹಳೆ ಮನೆಯ ಬಾಡಿಗೆ, ಸಾಲದ ಮೊದಲ ಕಂತು ಅಥವಾ ಪ್ರೀ-ಇಎಂಐ (ಪೂರ್ತಿ ಕಂತು ಶುರುವಾಗುವ ಮುನ್ನ ಕಟ್ಟುವ ಬಡ್ಡಿ) ಎಲ್ಲವೂ ಆ ನಾಲ್ಕು ತಿಂಗಳಲ್ಲಿ ಬೀಳುತ್ತವೆ. ಬಾಡಿಗೆ ಮನೆಯ ಅಡ್ವಾನ್ಸ್ ಬಂದರೆ ಶುಲ್ಕ ಕಟ್ಟುತ್ತೇವೆ ಎಂಬ ಲೆಕ್ಕ ಹಿಡಿಯಬೇಡಿ. ಮನೆ ಖಾಲಿ ಮಾಡಿ, ಬಣ್ಣದ ಖರ್ಚು ಕಳೆದು, ಆ ಹಣ ಕೈಸೇರುವುದು ಎಲ್ಲಕ್ಕಿಂತ ಕೊನೆಗೆ. ಒಂದು ವರ್ಷದ ಶಾಲಾ ಖರ್ಚನ್ನು ಮನೆಯ ಹಣದಿಂದ ಬೇರೆ ಖಾತೆಯಲ್ಲಿಟ್ಟು, ಒಳಾಂಗಣದ ಮರಗೆಲಸಕ್ಕೆ ಎಷ್ಟೇ ಒತ್ತಡ ಬಂದರೂ ಮುಟ್ಟದಿರುವುದು ಒಳ್ಳೆಯದು. ವಾರ್ಡ್‌ರೋಬ್ ಮುಂದಿನ ವರ್ಷವೂ ಮಾಡಿಸಬಹುದು.

ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೂ ಸಾಲದ ಅಸಲಿಗೂ ಸೇರಿ ಇರುವುದು ಒಂದೇ 1.5 ಲಕ್ಷದ ಮಿತಿ. ಎರಡಕ್ಕೂ ಬೇರೆ ಬೇರೆ ವಿನಾಯಿತಿ ಸಿಗುತ್ತದೆಂದು ಎಣಿಸಬೇಡಿ. ಡೊನೇಷನ್, ವ್ಯಾನಿನ ಹಣ ಲೆಕ್ಕಕ್ಕಿಲ್ಲ.

ಮನೆ ಜೂನ್‌ನಲ್ಲಿ ಸಿದ್ಧ. ಆದರೆ ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲ ಎನ್ನುತ್ತಾರೆ ಮನೆಯ ಹಿರಿಯರು.

ಹಿರಿಯರ ಮಾತು ನಡೆಯಲಿ, ಮಗುವಿನ ಪ್ರವೇಶ ಮಾತ್ರ ಶ್ರಾವಣಕ್ಕೆ ಕಾಯದಿರಲಿ. ಜೂನ್‌ನಲ್ಲೇ ಹೊಸ ಶಾಲೆಗೆ ಸೇರಿಸಿ, ಆರೆಂಟು ವಾರ ಹಳೆ ಮನೆಯಿಂದಲೇ ಕಳಿಸಿ. ಶಾಲಾ ವಾಹನ ಹಳೆ ಮನೆಯ ಕಡೆ ಬರದಿರಬಹುದು. ಅಷ್ಟು ದಿನಕ್ಕೆ ಯಾರು ಬಿಡುತ್ತಾರೆ, ಯಾರು ಕರೆತರುತ್ತಾರೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಬಾಡಿಗೆ ಮನೆ ಬಿಡುವ ನೋಟಿಸನ್ನು ಮುಹೂರ್ತ ನಿಶ್ಚಯವಾದ ಮೇಲೆಯೇ ಕೊಡಿ.

ಶಾಲೆ ಬದಲಿಸದೆ ಹೊಸ ಮನೆಯಿಂದಲೇ ಹಳೆ ಶಾಲೆಗೆ ಕಳಿಸಬಹುದಲ್ಲವೇ?

ಒಂದು ವರ್ಷದ ಮಟ್ಟಿಗೆ ಇದು ಹಲವರಿಗೆ ಸರಿಯಾದ ದಾರಿ, ಮುಖ್ಯವಾಗಿ ಮಗು ಏಳು, ಹತ್ತನೇ ತರಗತಿಯಲ್ಲಿದ್ದಾಗ. ತೀರ್ಮಾನಿಸುವ ಮುನ್ನ ಶಾಲೆ ಇರುವ ಒಂದು ಸೋಮವಾರ ಬೆಳಿಗ್ಗೆ ಹೊಸ ಮನೆಯಿಂದ ಶಾಲೆಯ ಗೇಟಿನವರೆಗೆ ನೀವೇ ಹೋಗಿ ನೋಡಿ. ಭಾನುವಾರ ಇಪ್ಪತ್ತೈದು ನಿಮಿಷಕ್ಕೆ ಮುಟ್ಟಿದ ದಾರಿ ಸೋಮವಾರ ಒಂದೂಕಾಲು ಗಂಟೆ ಹಿಡಿಯಬಹುದು. ವ್ಯಾನಿನಲ್ಲಿ ಮೊದಲು ಹತ್ತುವ ಮಗು ಕೊನೆಗೆ ಇಳಿಯುವುದೂ ಉಂಟು. ಒಂದು ಕಡೆಗೆ ಒಂದು ಗಂಟೆ ಮೀರುವುದಾದರೆ ಪ್ರಾಥಮಿಕ ತರಗತಿಯ ಮಕ್ಕಳಿಗೆ ನಾವು ಬೇಡ ಎನ್ನುತ್ತೇವೆ.

ಬೇರೆ ರಾಜ್ಯದಿಂದ ಬರುತ್ತಿದ್ದೇವೆ.

ಟಿಸಿಗೆ ಅಲ್ಲಿನ ಶಿಕ್ಷಣ ಇಲಾಖೆಯ ಮೇಲುಸಹಿ ಬೇಕೇ ಎಂದು ಹೊಸ ಶಾಲೆಯಲ್ಲಿ ಕೇಳಿ, ಬೇಕೆಂದರೆ ಊರು ಬಿಡುವ ಮೊದಲೇ ಹಾಕಿಸಿ. ಬಂದ ಮೇಲೆ ಅದಕ್ಕಾಗಿಯೇ ಮರಳಿ ಹೋಗಬೇಕಾಗುತ್ತದೆ. ಮಗುವಿಗೆ ಸ್ಯಾಟ್ಸ್ ಸಂಖ್ಯೆ ಇಲ್ಲದಿರುವುದರಿಂದ ಪೆನ್ ಸಂಖ್ಯೆ ತಪ್ಪದೆ ತನ್ನಿ. ಸ್ಯಾಟ್ಸ್ ಸಂಖ್ಯೆಯನ್ನು ಇಲ್ಲಿನ ಶಾಲೆ ಸೃಷ್ಟಿಸುತ್ತದೆ.

ಹೊಸ ಮನೆಗೆ ಬಂದಾಯಿತು. ಇನ್ನೇನು ಬಾಕಿ?

ಕ್ರಯಪತ್ರ ನೋಂದಣಿಯಾದ ಮೇಲೆ ಖಾತಾ ನಿಮ್ಮ ಹೆಸರಿಗೆ ಬದಲಾಗಬೇಕು, ನಂತರ ವಿದ್ಯುತ್ ಮೀಟರ್. ತಂದೆ ಅಥವಾ ತಾಯಿಯ ಆಧಾರ್ ವಿಳಾಸವನ್ನು ಮೊದಲು ಬದಲಿಸಿ, ಕುಟುಂಬದ ಮುಖ್ಯಸ್ಥರ ಆಧಾರದಲ್ಲಿ ಮಗುವಿನದನ್ನು ಬದಲಿಸಿ. ಆಮೇಲೆ ಶಾಲೆಗೆ ಹೊಸ ವಿಳಾಸದ ಪತ್ರ ಕೊಡಿ, ವಾಹನದ ಮಾರ್ಗ ಬದಲಾಯಿಸಿ, ತುರ್ತು ಸಂಪರ್ಕಕ್ಕೆ ಹೊಸ ನೆರೆಯವರೊಬ್ಬರ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಸೇರಿಸಿ. ಸರ್ಕಾರಿ ಬಸ್ ಪಾಸ್ ಇದ್ದರೆ ಹೊಸ ಮಾರ್ಗಕ್ಕೆ ರಾಜ್ಯದ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಿ, ಅದಕ್ಕೆ ಮೊದಲು ಸ್ಯಾಟ್ಸ್‌ನಲ್ಲಿ ಹೊಸ ಶಾಲೆಯ ಹೆಸರು ಬಂದಿದೆಯೇ ಎಂದು ಇನ್ನೊಮ್ಮೆ ನೋಡಿ.